ಊರಲ್ಲಿ ಅರ್ಧ, ಮುಂಬೈಯಲ್ಲಿ ಅರ್ಧ: ಮನಸ್ಸಿನ ಆರೋಗ್ಯದ ಲೆಕ್ಕ ಇಡುವವರಾರು?

ಮಾನಸಿಕ ಆರೋಗ್ಯದ ಬಗ್ಗೆ ಯಾರೇ ಬರೆಯಲಿ, ಅಂಕಿ ಅಂಶ ಬೇಕೆಂದಾಗ ಕೈ ಹೋಗುವುದು 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಕಡೆಗೆ. ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ ಈ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಮಹಾನಗರಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು, ಶೇ. 14.7. ತೊಂದರೆ ಇದ್ದೂ ಚಿಕಿತ್ಸೆ ಸಿಗದವರ ಪಾಲು, ಒಂದೊಂದು ಕಾಯಿಲೆಗೆ ಒಂದೊಂದು ಥರ, ಶೇ. 70ರಿಂದ 92ರವರೆಗೆ. ಸಮೀಕ್ಷೆ ನಡೆದದ್ದು 12 ರಾಜ್ಯಗಳಲ್ಲಿ. ಆ ಪಟ್ಟಿಯಲ್ಲಿ ಮಹಾರಾಷ್ಟ್ರ ಇಲ್ಲ. ಕರ್ನಾಟಕವೂ ಇಲ್ಲ, ಕೋಲಾರದಲ್ಲಿ ಪೂರ್ವಭಾವಿಯಾಗಿ ಒಂದು ಪ್ರಯೋಗ ನಡೆಯಿತು, ಅಷ್ಟೆ.

ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಮಾದರಿ ಸಮೀಕ್ಷೆ ಎಂದರೆ ಆಯ್ದ ಕೆಲವು ಕಡೆ ಮಾತ್ರ ನಡೆಯುವಂಥದ್ದು. ಆದರೂ ಮುಂಬೈಯಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗನ ಕಡೆಯಿಂದ ಒಮ್ಮೆ ನೋಡಿ. ಹುಟ್ಟಿದ ರಾಜ್ಯ ಲೆಕ್ಕದಲ್ಲಿಲ್ಲ, ದುಡಿದ ರಾಜ್ಯವೂ ಲೆಕ್ಕದಲ್ಲಿಲ್ಲ. ಕಾರ್ಕಳ, ಕುಂದಾಪುರಗಳಿಂದ ಹೋಟೆಲಿಗೆ ಬಂದವರು, ಕಲಬುರಗಿ, ಯಾದಗಿರಿಗಳಿಂದ ಗಾರೆ ಕೆಲಸಕ್ಕೆ ಬಂದವರು, ಮದುವೆಯಾಗಿ ಡೊಂಬಿವಲಿಯ ಖೋಲಿಗೆ ಬಂದ ಹೆಣ್ಣುಮಕ್ಕಳು, ಈಗ ಇಲ್ಲೇ ಮುಪ್ಪಾಗುತ್ತಿರುವ ಅವರ ಅತ್ತೆ ಮಾವಂದಿರು, ಇವರೆಲ್ಲರ ಬದುಕು ಎರಡು ಊರುಗಳ ನಡುವೆ ಹಂಚಿಹೋಗಿದೆ. ಮನಸ್ಸಿನ ಕಾಯಿಲೆ ತಿಳಿಯಬೇಕಾದರೆ ಮನುಷ್ಯನ ಇಡೀ ಆಯುಷ್ಯವನ್ನು ಒಟ್ಟಿಗೆ ನೋಡಬೇಕು ಎಂದು ಸಂಶೋಧನೆ ಐವತ್ತು ವರ್ಷಗಳಿಂದ ಹೇಳುತ್ತಾ ಬಂದಿದೆ. ವಲಸೆ ಬಂದವರ ಆಯುಷ್ಯವನ್ನು ಮಾತ್ರ ಯಾರೂ ಒಟ್ಟಿಗೆ ನೋಡುತ್ತಿಲ್ಲ. ಇದನ್ನು ಸರಿಪಡಿಸಲು ಬೇಕಾದದ್ದರಲ್ಲಿ ಹೆಚ್ಚಿನದು ಈಗಾಗಲೇ ನಮ್ಮ ಕೈಗೆಟಕುವಷ್ಟು ಹತ್ತಿರದಲ್ಲಿದೆ ಎಂಬುದು ನನ್ನ ನಂಬಿಕೆ. ಯಾಕೆ ಎಂದು ವಿವರಿಸುತ್ತೇನೆ.

ಒಂದೇ ಜನರನ್ನು ಹುಟ್ಟಿದಾಗಿನಿಂದ ಬಿಡದೆ ಹಿಂಬಾಲಿಸಿದ ಅಧ್ಯಯನಗಳಲ್ಲಿ ಹೆಸರಾದದ್ದು ನ್ಯೂಜಿಲೆಂಡಿನ ಡ್ಯುನೆಡಿನ್ ಅಧ್ಯಯನ. 1972-73ರಲ್ಲಿ ಆ ಊರಿನಲ್ಲಿ ಹುಟ್ಟಿದ 1,037 ಮಕ್ಕಳು ಈಗ ಐವತ್ತು ದಾಟಿದ್ದಾರೆ. 45ನೇ ವಯಸ್ಸಿನ ಹೊತ್ತಿಗೆ ಅವರಲ್ಲಿ ಶೇ. 86ರಷ್ಟು ಮಂದಿ ಯಾವುದಾದರೂ ಒಂದು ಹಂತದಲ್ಲಿ ವೈದ್ಯರು ಕಾಯಿಲೆ ಎಂದು ಗುರುತಿಸಬಹುದಾದಷ್ಟು ಮಾನಸಿಕ ತೊಂದರೆ ಅನುಭವಿಸಿದ್ದರು ಎಂದು 2020ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಹದಿನಾಲ್ಕರಲ್ಲಿ ಆತಂಕ ಇದ್ದವರಿಗೆ ಇಪ್ಪತ್ತೈದರಲ್ಲಿ ಖಿನ್ನತೆ, ಮೂವತ್ತರಲ್ಲಿ ಕುಡಿತ, ಹೀಗೆ ತೊಂದರೆಯ ರೂಪ ಬದಲಾಗುತ್ತಾ ಹೋಗುವುದು ಸಾಮಾನ್ಯ ಎಂಬುದೂ ಅಲ್ಲಿ ಕಂಡುಬಂತು. ಒಂದು ದಿನ ಒಬ್ಬ ಡಾಕ್ಟರು ನೋಡಿ ಬರೆದ ಕಾಯಿಲೆಯ ಹೆಸರು ಆ ಮನುಷ್ಯನ ಕಥೆಯ ಒಂದು ಪುಟ ಮಾತ್ರ.

ಈ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಅಂಕಿಗಿಂತ ಅದರ ಛಲ. ಆ ಮಕ್ಕಳಲ್ಲಿ ಅನೇಕರು ದೊಡ್ಡವರಾಗಿ ಆಸ್ಟ್ರೇಲಿಯಾಕ್ಕೆ, ಇಂಗ್ಲೆಂಡಿಗೆ ಹೋದರು. ಪ್ರತಿ ಸುತ್ತಿನ ಪರೀಕ್ಷೆಗೂ ಸಂಶೋಧಕರು ವಿಮಾನದ ಖರ್ಚು ಕೊಟ್ಟು ಅವರನ್ನು ಡ್ಯುನೆಡಿನ್‌ಗೆ ಕರೆಸಿಕೊಳ್ಳುತ್ತಾರೆ. ಊರು ಬಿಟ್ಟವನು ಲೆಕ್ಕದಿಂದ ಬಿದ್ದುಹೋಗಬಾರದು ಎಂಬ ಹಟ ಅದು.

ನಮ್ಮಲ್ಲೂ ಅಂಥ ಬೇರುಗಳಿವೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದ 1966ರವರೆಗೆ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿತ್ತು. ದಶಕಗಳ ನಂತರ ಸಂಶೋಧಕರು ಆ ದಾಖಲೆ ಹಿಡಿದು ಮನೆಮನೆ ಸುತ್ತಿ, ಆ ಶಿಶುಗಳು ಮಧ್ಯವಯಸ್ಸಿಗೆ, ಮುಪ್ಪಿಗೆ ಬಂದಾಗ ಅವರ ಹೃದಯ ಹೇಗಿದೆ, ನೆನಪು ಹೇಗಿದೆ, ಮನಸ್ಸು ಹೇಗಿದೆ ಎಂದು ಪರೀಕ್ಷಿಸಿದರು. ಪುಣೆಯ ಕೆ.ಇ.ಎಂ. ಆಸ್ಪತ್ರೆಯವರು 1993ರಲ್ಲಿ ಹತ್ತಿರದ ಆರು ಹಳ್ಳಿಗಳಲ್ಲಿ ತಾಯಂದಿರಿಂದ ಶುರುಮಾಡಿ ಅವರ ಮಕ್ಕಳನ್ನು ಇಂದಿಗೂ ಹಿಂಬಾಲಿಸುತ್ತಿದ್ದಾರೆ. ಎರಡೂ ಹೆಮ್ಮೆಪಡಬೇಕಾದ ಕೆಲಸಗಳು. ಆದರೆ ಮನೆಮನೆ ಸುತ್ತಿದರೆ ಸಿಗುವವರು ಮನೆಯಲ್ಲಿ ಉಳಿದವರು. ಮೈಸೂರಿನಲ್ಲಿ ಹುಟ್ಟಿ ಇಪ್ಪತ್ತಕ್ಕೆ ಮುಂಬೈಯ ಮಾಟುಂಗಾ ಸೇರಿದವನು ಆ ಬಾಗಿಲು ತಟ್ಟಿದಾಗ ಅಲ್ಲಿರಲಿಲ್ಲ. ಅವನ ಹೆಸರು ಮುಂಬೈಯ ಯಾವ ದಾಖಲೆಯಲ್ಲೂ ಬರಲಿಲ್ಲ, ಯಾಕೆಂದರೆ ಇಲ್ಲಿ ಅವನು ಹುಟ್ಟಿರಲಿಲ್ಲ.

ಹೀಗೆ ಬಿದ್ದುಹೋಗುವವರು ಯಾವ ವಯಸ್ಸಿನಲ್ಲಿ ಬಿದ್ದುಹೋಗುತ್ತಾರೆ ಎಂಬುದು ಮುಖ್ಯ. ಜಗತ್ತಿನ 192 ಅಧ್ಯಯನಗಳನ್ನು, ಅಂದರೆ ಏಳು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆ ಪ್ರಕಾರ ಮಾನಸಿಕ ಕಾಯಿಲೆಗಳು ಅತಿ ಹೆಚ್ಚು ತಲೆಯೆತ್ತುವ ವಯಸ್ಸು ಹದಿನಾಲ್ಕೂವರೆ. ಕಾಯಿಲೆ ಬಂದವರಲ್ಲಿ ಶೇ. 34.6ರಷ್ಟು ಮಂದಿಗೆ 14 ತುಂಬುವ ಮೊದಲೇ, ಶೇ. 48.4ರಷ್ಟು ಮಂದಿಗೆ 18 ತುಂಬುವ ಮೊದಲು, ಶೇ. 62.5ರಷ್ಟು ಮಂದಿಗೆ 25 ತುಂಬುವ ಮೊದಲು ಶುರುವಾಗಿರುತ್ತದೆ. ನಮ್ಮ ಹುಡುಗರು ಊರು ಬಿಡುವ ವಯಸ್ಸೂ ಅದೇ. ಒಂದು ಕಾಲದಲ್ಲಿ ಹತ್ತು ಹನ್ನೆರಡಕ್ಕೇ ಬಸ್ಸು ಹತ್ತುತ್ತಿದ್ದರು. ಬಾಲಕಾರ್ಮಿಕ ಕಾನೂನು ಬಿಗಿಯಾದ ಮೇಲೆ, ಊರಲ್ಲಿ ಶಾಲೆಗಳು ಹೆಚ್ಚಿದ ಮೇಲೆ ಅದು ಹದಿನೆಂಟು ಇಪ್ಪತ್ತಕ್ಕೆ ಬಂದಿದೆ. ಆದರೂ ಕಾಯಿಲೆಯ ಮೊದಲ ಚಿಹ್ನೆ ಕಾಣಿಸುವ ವರ್ಷಗಳು ಮತ್ತು ತಾಯಿಯ ಕಣ್ಣಿನಿಂದ ದೂರವಾಗುವ ವರ್ಷಗಳು ಇಂದಿಗೂ ಒಂದರ ಮೇಲೊಂದು ಬಂದು ಬೀಳುತ್ತವೆ.

ಹೋಟೆಲ್ ಕೆಲಸದ ದಿನಚರಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಗಿನ ಜಾವ ಇಡ್ಲಿ ಹಂಡೆ ಏರುವ ಹೊತ್ತಿಗೆ ಎದ್ದರೆ, ರಾತ್ರಿ ಮೇಜುಗಳ ಮೇಲೆ ಕುರ್ಚಿ ಮಗುಚಿ ನೆಲ ತೊಳೆದ ಮೇಲೆ ಮಲಗುವುದು. ಮಧ್ಯಾಹ್ನ ಒಂದೆರಡು ಗಂಟೆ ಬಿಡುವು. ಮಲಗುವ ಕೋಣೆಯಲ್ಲಿ ಹತ್ತಾರು ಜನ. ಒಬ್ಬ ಹುಡುಗ ಮಾತು ಕಡಿಮೆ ಮಾಡಿದರೆ, ಊಟ ಬಿಟ್ಟರೆ, ಗಿರಾಕಿ ಕರೆದರೂ ಕೇಳಿಸದವನಂತೆ ನಿಂತರೆ ಅದು ಕಾಯಿಲೆಯ ಚಿಹ್ನೆ ಎಂದು ಯಾರಿಗೂ ಹೊಳೆಯುವುದಿಲ್ಲ. "ಇವನಿಗೆ ಕೆಲಸದಲ್ಲಿ ಗಮನ ಇಲ್ಲ, ಊರಿಗೆ ಕಳಿಸಿ" ಎಂಬ ತೀರ್ಮಾನವಾಗುತ್ತದೆ. ಊರಿಗೆ ಬಂದವನನ್ನು ಕಂಡು ಮನೆಯವರು "ಮುಂಬೈ ಹಿಡಿಸಲಿಲ್ಲ" ಅನ್ನುತ್ತಾರೆ. ಇಲ್ಲಿ ಕಂಡದ್ದು ಅಲ್ಲಿಗೆ ತಲುಪುವುದಿಲ್ಲ. ಅಲ್ಲಿ ಎಂಟನೇ ತರಗತಿಯಲ್ಲೇ ಶುರುವಾಗಿದ್ದ ಭಯ, ನಿದ್ದೆಗೇಡು ಇಲ್ಲಿನವರಿಗೆ ಗೊತ್ತೇ ಇರುವುದಿಲ್ಲ. ಭ್ರಮೆ ಹುಟ್ಟಿಸುವ, ಇಲ್ಲದ ದನಿ ಕೇಳಿಸುವ ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಮೊದಲ ಲಕ್ಷಣಕ್ಕೂ ಮೊದಲ ಚಿಕಿತ್ಸೆಗೂ ನಡುವಿನ ಕಾಲ ಹೆಚ್ಚಿದಷ್ಟೂ ಚೇತರಿಕೆ ಕಷ್ಟ ಎಂದು ಜಗತ್ತಿನಾದ್ಯಂತ ನಡೆದ ಅಧ್ಯಯನಗಳು ತೋರಿಸಿವೆ. ನಮ್ಮ ಹುಡುಗನ ವಿಷಯದಲ್ಲಿ ಆ ಅಮೂಲ್ಯ ಕಾಲವೆಲ್ಲ ಹೋಗಿ ಬರುವ ಬಸ್ಸಿನಲ್ಲೇ ಕಳೆದುಹೋಗುತ್ತದೆ.

ಹಾಗೆಂದು ಎಳೆಯ ವಯಸ್ಸಿನಲ್ಲಿ ಮನೆ ಬಿಟ್ಟವರೆಲ್ಲ ಕುಸಿದುಹೋದರು ಎಂದು ಬರೆದರೆ ಅದು ಸುಳ್ಳು. ಈ ನಗರದ ಕನ್ನಡಿಗರ ಇತಿಹಾಸವೇ ಅದನ್ನು ಅಲ್ಲಗಳೆಯುತ್ತದೆ. ಇಲ್ಲಿ ಮನಶ್ಶಾಸ್ತ್ರದ ಇನ್ನೊಂದು ದೊಡ್ಡ ಅಧ್ಯಯನವನ್ನು ನೆನಪಿಸಿಕೊಳ್ಳಬೇಕು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಕುಡುಕ ತಂದೆ, ಒಡೆದ ಮನೆ ಹೀಗೆ ಹಲವು ಕಷ್ಟ ಒಟ್ಟಿಗೆ ಬಂದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಭಾಗ ಸಮರ್ಥರಾಗಿ, ಇತರರ ಬಗ್ಗೆ ಕಾಳಜಿ ಇರುವವರಾಗಿ ಬೆಳೆದರು. ಅವರಿಗೆ ದಕ್ಕಿದ್ದ ಭಾಗ್ಯಗಳಲ್ಲಿ ಮುಖ್ಯವಾದದ್ದು ತಂದೆ ತಾಯಿಯಲ್ಲದೆ ಇನ್ನೊಬ್ಬ ಹಿರಿಯರ ಅಕ್ಕರೆ. ಅಜ್ಜಿ, ಚಿಕ್ಕಮ್ಮ, ಮೇಷ್ಟ್ರು, ಯಾರಾದರೂ ಸರಿ.

ಮುಂಬೈಯ ಕನ್ನಡ ರಾತ್ರಿಶಾಲೆಗಳು ಮಾಡಿದ್ದು ಇದೇ ಕೆಲಸ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಹಗಲೆಲ್ಲ ತಟ್ಟೆ ತೊಳೆದ ಹುಡುಗ ರಾತ್ರಿ ಶಾಲೆಗೆ ಬಂದು ಬೆಂಚಿನ ಮೇಲೆ ಕುಳಿತರೆ, ಅಲ್ಲಿ ಅವನನ್ನು ಹೆಸರು ಹಿಡಿದು ಕರೆಯುವ, ಎರಡು ದಿನ ಬರದಿದ್ದರೆ ಹೋಟೆಲಿಗೇ ಬಂದು ವಿಚಾರಿಸುವ ಒಬ್ಬ ಮೇಷ್ಟ್ರು ಇರುತ್ತಿದ್ದರು. ಅಕ್ಷರ ಕಲಿಸಿದ್ದಕ್ಕಾಗಿ, ಮೆಟ್ರಿಕ್ ಪಾಸು ಮಾಡಿಸಿದ್ದಕ್ಕಾಗಿ ಆ ಶಾಲೆಗಳನ್ನು ನಾವು ಹೊಗಳಿದ್ದೇವೆ. ಮನಸ್ಸನ್ನು ಕಾಯ್ದದ್ದಕ್ಕಾಗಿ ಯಾರೂ ಹೊಗಳಿಲ್ಲ. ಅಲ್ಲಿ ಓದಿ ಬ್ಯಾಂಕು, ವಕೀಲಿಕೆ, ಸ್ವಂತ ಹೋಟೆಲು ಎಂದು ಮೇಲೆ ಬಂದವರಲ್ಲಿ ಅನೇಕರು ಈಗ ಎಪ್ಪತ್ತು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರ ಬಾಲ್ಯದ ಕಷ್ಟವನ್ನೂ ರಾತ್ರಿಶಾಲೆಯ ಆಸರೆಯನ್ನೂ ಈಗಿನ ಆರೋಗ್ಯವನ್ನೂ ಒಟ್ಟಿಗೆ ಇಟ್ಟು ಕೇಳಿ ಬರೆದುಕೊಳ್ಳುವ ಅಧ್ಯಯನ ಒಂದು ನಡೆಯಬೇಕು. ಮುಂಬೈ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ಇದೆ, ಮನಶ್ಶಾಸ್ತ್ರ ವಿಭಾಗವೂ ಇದೆ. ಇಬ್ಬರೂ ಕೂಡಿ ಮಾಡಬಹುದಾದ ಕೆಲಸ ಇದು. ಕೇಳಬೇಕಾದವರ ಸಂಖ್ಯೆ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದೆ.

ಗಾರೆ ಕೆಲಸದವರ ವಿಷಯ ಇನ್ನೂ ಕಷ್ಟದ್ದು. ಬೆಳಿಗ್ಗೆ ದಾರಿ ಕೂಡುವ ನಾಕಾದಲ್ಲಿ ನಿಂತು ಕೂಲಿಗೆ ಕಾಯುವ ಕುಟುಂಬ ಮಳೆಗಾಲಕ್ಕೆ ಊರಿಗೆ ಹೋಗುತ್ತದೆ, ಬಂದಾಗ ಬೇರೆ ಸೈಟಿನಲ್ಲಿರುತ್ತದೆ. ಇವರನ್ನು ಹಿಂಬಾಲಿಸುವ ಅಧ್ಯಯನಕ್ಕೆ ಮೊಬೈಲ್ ನಂಬರೊಂದೇ ದಾರಿ.

ಹೆಂಗಸರ ವಿಷಯಕ್ಕೆ ಬರೋಣ. ಈ ಬಗ್ಗೆ ದೇಶದಲ್ಲೇ ಮೊದಲ ಗಟ್ಟಿ ಕೆಲಸಗಳಲ್ಲೊಂದು ನಡೆದದ್ದು ನಮ್ಮ ಪಕ್ಕದ ಗೋವಾದಲ್ಲಿ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 270 ತಾಯಂದಿರನ್ನು ಗರ್ಭಿಣಿಯರಿದ್ದಾಗಿನಿಂದ ಹಿಂಬಾಲಿಸಿ 2002ರಲ್ಲಿ ಪ್ರಕಟಿಸಿದ ವರದಿ ಪ್ರಕಾರ ಹೆರಿಗೆಯಾದ ಆರರಿಂದ ಎಂಟು ವಾರದ ಹೊತ್ತಿಗೆ ಅವರಲ್ಲಿ ಶೇ. 23ರಷ್ಟು ಮಂದಿಗೆ ಖಿನ್ನತೆ ಇತ್ತು. ಅವರಲ್ಲಿ ಬಹುಪಾಲು ಮಂದಿಯ ಮನಸ್ಸು ಬಸುರಿಯಾಗಿದ್ದಾಗಲೇ ಕೆಟ್ಟಿತ್ತು. ಬಡತನ, ಗಂಡನೊಡನೆ ಸರಿಯಿಲ್ಲದ ಸಂಬಂಧ ಕಾರಣಗಳಾಗಿ ಕಂಡವು. ಗಂಡು ಬೇಕಾದಲ್ಲಿ ಹೆಣ್ಣು ಹುಟ್ಟಿದ್ದೂ ಒಂದು ಕಾರಣವಾಗಿ ಕಂಡದ್ದು ಓದುವಾಗ ಎದೆಗೆ ಚುಚ್ಚುತ್ತದೆ.

ಮುಂಬೈ ಕನ್ನಡಿಗರಲ್ಲಿ ಹೆರಿಗೆಗೆ ತವರಿಗೆ ಹೋಗುವ ರೂಢಿ ಇನ್ನೂ ಗಟ್ಟಿಯಾಗಿದೆ. ಏಳನೇ ತಿಂಗಳಲ್ಲಿ ಹೋದವಳು ಬಾಣಂತನ ಮುಗಿಸಿ ಮಗು ಕತ್ತು ನಿಲ್ಲಿಸಿದ ಮೇಲೆ ಬರುತ್ತಾಳೆ. ತವರಿನ ಎಣ್ಣೆ ನೀರು, ಕೈಗೂಸನ್ನು ಎತ್ತಿಕೊಳ್ಳಲು ನಾಲ್ಕು ಜನ, ಇವೆಲ್ಲ ಆಸರೆಯೇ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಆಸರೆ ಒಂದು ದಿನದ ಪ್ರಯಾಣದಲ್ಲಿ ಕಳಚಿಕೊಳ್ಳುತ್ತದೆ. ಗಂಡ ಬೆಳಿಗ್ಗೆ ಆರಕ್ಕೆ ಲೋಕಲ್ ಹಿಡಿದರೆ ರಾತ್ರಿ ಹತ್ತಕ್ಕೆ ಬರುವ ವಿರಾರಿನ ಖೋಲಿಯಲ್ಲಿ ಅವಳೂ ಮಗುವೂ ಇಬ್ಬರೇ. ಮಗುವಿನ ಲಸಿಕೆಯ ಕಾರ್ಡು ಊರಿನಿಂದ ಜೊತೆಗೆ ಬಂದಿರುತ್ತದೆ, ಮುಂದಿನ ಚುಚ್ಚುಮದ್ದು ಯಾವಾಗ ಎಂದು ಇಲ್ಲಿನ ನರ್ಸ್ ಅದನ್ನು ನೋಡಿಯೇ ಹೇಳುತ್ತಾಳೆ. ತಾಯಿ ಬಸುರಿಯಾಗಿದ್ದಾಗ ರಾತ್ರಿಯಿಡೀ ಅಳುತ್ತಿದ್ದಳು ಎಂಬುದು ಅದರಲ್ಲಿ ಬರೆದಿರುವುದಿಲ್ಲ. ಬಾಣಂತಿಯರ ಖಿನ್ನತೆ ಗುರುತಿಸಲು 1987ರಲ್ಲಿ ಎಡಿನ್‌ಬರೋದಲ್ಲಿ ರೂಪುಗೊಂಡ ಹತ್ತು ಪ್ರಶ್ನೆಗಳ ಪಟ್ಟಿ ಇಂದು ಜಗತ್ತಿನ ತುಂಬ ಬಳಕೆಯಲ್ಲಿದೆ. ಅದರ ಕನ್ನಡ ರೂಪವನ್ನು ಕರ್ನಾಟಕದ ಹಳ್ಳಿಯ ಗರ್ಭಿಣಿಯರಲ್ಲಿ ಪರೀಕ್ಷಿಸಿ ನೋಡಿದ್ದೂ ಆಗಿದೆ. ಹತ್ತು ಪ್ರಶ್ನೆ, ಐದು ನಿಮಿಷ. ಊರಿನ ಆಸ್ಪತ್ರೆಯಲ್ಲಿ ಒಮ್ಮೆ ಕೇಳಿ ಕಾರ್ಡಿನಲ್ಲಿ ಬರೆದು, ಮುಂಬೈಯಲ್ಲಿ ಮಗುವಿನ ಲಸಿಕೆಗೆ ಬಂದಾಗ ಇನ್ನೊಮ್ಮೆ ಕೇಳಿದರೆ ತುಂಡಾದ ಎಳೆ ಕೂಡಿಕೊಳ್ಳುತ್ತದೆ. ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ.

ಗಂಡಸರ ಕುಡಿತದ ಬಗ್ಗೆಯೂ ಗೋವಾದಲ್ಲೇ ಒಳ್ಳೆಯ ಪ್ರಯೋಗವಾಗಿದೆ. ಹಾನಿಯಾಗುವಷ್ಟು ಕುಡಿಯುತ್ತಿದ್ದ 377 ಗಂಡಸರಲ್ಲಿ, ತರಬೇತಿ ಪಡೆದ ಸಾಮಾನ್ಯ ಜನರೇ ಕೂತು ಮಾತಾಡಿದವರ ಗುಂಪಿನಲ್ಲಿ ಮೂರು ತಿಂಗಳಿಗೆ ಶೇ. 36ರಷ್ಟು ಮಂದಿ ಅಪಾಯದ ಮಟ್ಟದಿಂದ ಕೆಳಗಿಳಿದರು. ಮಾಮೂಲಿ ಆರೈಕೆ ಸಿಕ್ಕವರಲ್ಲಿ ಶೇ. 26. ದೊಡ್ಡ ಪವಾಡವಲ್ಲ, ನಿಜವಾದ ಪ್ರಯೋಜನ.

ಈಗ ಮುಪ್ಪು. ಇದರ ಬಗ್ಗೆ ಹೆಚ್ಚು ಹೇಳಬೇಕಿದೆ, ಯಾಕೆಂದರೆ ಐವತ್ತು ಅರವತ್ತರ ದಶಕದಲ್ಲಿ ಬಂದ ತಲೆಮಾರು ಇಂದು ಆ ಹಂತದಲ್ಲಿದೆ.

ದೇಶದ ಹಿರಿಯರ ಆರೋಗ್ಯದ ಅತಿ ದೊಡ್ಡ ಅಧ್ಯಯನ 'ಲಾಸಿ'ಯನ್ನು ನಡೆಸುತ್ತಿರುವ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇರುವುದು ಇದೇ ಮುಂಬೈಯ ದೇವನಾರ್‌ನಲ್ಲಿ. 2017-18ರ ಮೊದಲ ಸುತ್ತಿನಲ್ಲಿ 45 ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಪ್ರಶ್ನಾವಳಿ ಹಿಡಿದು ಕೇಳಿದಾಗ 60 ದಾಟಿದವರಲ್ಲಿ ಶೇ. 8.3ರಷ್ಟು ಮಂದಿಯಲ್ಲಿ ತೀವ್ರ ಖಿನ್ನತೆಯ ಲಕ್ಷಣಗಳಿದ್ದವು. ಡಾಕ್ಟರು ತನಗೆ ಖಿನ್ನತೆ ಇದೆ ಎಂದು ಹೇಳಿದ್ದಾರೆ ಎಂದವರು ಶೇ. 0.8. ಅಂದರೆ ಹತ್ತರಲ್ಲಿ ಒಬ್ಬರನ್ನು ಮಾತ್ರ ನಮ್ಮ ವೈದ್ಯಕೀಯ ವ್ಯವಸ್ಥೆ ಗುರುತಿಸಿದೆ. ಇದೇ ಅಧ್ಯಯನದ ಕೂಡುಶಾಖೆಯಾಗಿ ಮರೆಗುಳಿತನದ ಬಗ್ಗೆ ನಡೆದ ಪರೀಕ್ಷೆಗಳಿಂದ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4, ಅಂದರೆ ಸುಮಾರು 88 ಲಕ್ಷ ಜನ ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆ ಎಂಬ ಅಂದಾಜು 2023ರಲ್ಲಿ ಬಂತು.

ಆದರೆ ಒಬ್ಬ ಮುಂಬೈ ಕನ್ನಡಿಗ ಅಜ್ಜಿಗೆ ಡಿಮೆನ್ಷಿಯಾ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಹೇಗೆ? ನೆರೆಮನೆಯ ಹಿರಿಯರೊಬ್ಬರನ್ನು ನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ಮನೆಮಾತು ತುಳು, ಓದಿದ್ದು ಊರಿನಲ್ಲಿ ಕನ್ನಡದಲ್ಲಿ ಐದನೇ ತರಗತಿಯವರೆಗೆ, ಮದುವೆಯಾಗಿ ಬಂದ ಮೇಲೆ ಚೆಂಬೂರಿನಲ್ಲೇ ವಾಸ. ಡಾಕ್ಟರು ತಾಳ್ಮೆಯುಳ್ಳವರು, ಹಿಂದಿಯಲ್ಲಿ ಮೆಲ್ಲಗೆ ಕೇಳಿದರು. "ಈಗ ಯಾವ ತಿಂಗಳು?" ಅಜ್ಜಿ ತಡಮಾಡದೆ "ಆಟಿ" ಅಂದರು. ಆಗಸ್ಟ್ ಮೊದಲ ವಾರ ಅದು, ತುಳುವರ ಲೆಕ್ಕದಲ್ಲಿ ಉತ್ತರ ನೂರಕ್ಕೆ ನೂರು ಸರಿ. ಕಾಗದದ ಮೇಲೆ ಸೊನ್ನೆ ಬಿತ್ತು. ನೂರರಿಂದ ಏಳು ಕಳೆಯುತ್ತಾ ಹೋಗಿ ಎಂದರು. ಅಜ್ಜಿ ಸುಮ್ಮನಾದರು. ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಹಿಂದಿ ಮರಾಠಿ ಅವರಿಗೆ ಬರುತ್ತದೆ, ಆದರೆ ತಿರಾನವೇ, ಛಿಯಾಸಿ ಎಂಬ ಸಂಖ್ಯೆಗಳು ಹಿಂದಿಯವರಲ್ಲದ ಯಾರ ನಾಲಗೆಗೂ ಸುಲಭಕ್ಕೆ ಹತ್ತುವಂಥವಲ್ಲ. ಅವರ ಮಗ ಡಾಕ್ಟರ ಒಪ್ಪಿಗೆ ಪಡೆದು, "ಅಮ್ಮ, ನೂರರಿಂದ ಏಳು ತೆಗೆದರೆ?" ಎಂದು ಕೇಳಿದ. ಶಾಲೆಯಲ್ಲಿ ಮಗ್ಗಿ ಕಲಿತ ಕನ್ನಡದಲ್ಲೇ ಉತ್ತರ ಬಂತು: ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು. ಅಲ್ಲಿಗೆ ನಿಂತಿತು. ಮೊದಲು ಹೇಳಿಕೊಟ್ಟಿದ್ದ ಮೂರು ಪದಗಳಲ್ಲಿ ನೆನಪಾದದ್ದು ಒಂದೇ, ಅದನ್ನು ಯಾವ ಭಾಷೆಯಲ್ಲಿ ಕೇಳಿದರೂ ಒಂದೇ. ಅಂದರೆ ಮರೆವು ಇದ್ದದ್ದು ನಿಜ. ಎಷ್ಟಿದೆ ಎಂಬುದರಲ್ಲಿ ಮಾತ್ರ ಎರಡು ಭಾಷೆಗಳ ನಡುವೆ ಗಣನೀಯ ವ್ಯತ್ಯಾಸ ಇತ್ತು. ಔಷಧ ಕೊಡುವ ಮೊದಲು, ಮನೆಯವರಿಗೆ ಮುಂದೇನು ಎಂದು ಹೇಳುವ ಮೊದಲು ಆ ವ್ಯತ್ಯಾಸ ತಿಳಿದಿರಬೇಕು.

ಸಂಶೋಧಕರಿಗೆ ಇದು ಹೊಸ ವಿಷಯವಲ್ಲ. ಮೇರಿ ಗಂಗೂಲಿ ಮತ್ತು ಸಂಗಡಿಗರು ತೊಂಬತ್ತರ ದಶಕದಲ್ಲೇ ಹರಿಯಾಣದ ಬಲ್ಲಭಗಢದ ಓದು ಬರಹ ಬಾರದ ಹಿರಿಯರಿಗಾಗಿ ಇಂಥ ಪರೀಕ್ಷೆಯನ್ನು ಬುಡದಿಂದ ಹೊಸದಾಗಿ ಕಟ್ಟಿದರು. ಅಕ್ಷರಗಳನ್ನು ಹಿಂದಿನಿಂದ ಹೇಳುವ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳುವುದು, 'ಕಣ್ಣು ಮುಚ್ಚಿ' ಎಂದು ಬರೆದ ಚೀಟಿ ಓದುವ ಬದಲು ಪರೀಕ್ಷಕರು ಮಾಡಿದ ಹಾಗೆ ಕಣ್ಣು ಮುಚ್ಚಿ ತೋರಿಸುವುದು, ಹೀಗೆ. ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೆನಪು, ಗಮನ, ಮಾತು ಇತ್ಯಾದಿಗಳನ್ನು ಅಳೆಯುವ ಒಂದು ಪರೀಕ್ಷಾ ಸಂಚಯವನ್ನು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಎಂಬ ಐದು ಭಾಷೆಗಳಲ್ಲಿ ಸಿದ್ಧಪಡಿಸಿತು. ಕನ್ನಡ ಆ ಮೊದಲ ಐದರಲ್ಲೇ ಇದೆ. ಬೆಂಗಳೂರಿನಲ್ಲಿರುವ ಆ ಸಂಚಯ ಚೆಂಬೂರಿನ ಅಜ್ಜಿಯ ಮುಂದೆ ಬರುವುದಿಲ್ಲ, ಯಾಕೆಂದರೆ ಇಲ್ಲಿ ಕನ್ನಡದಲ್ಲಿ ಪರೀಕ್ಷೆ ಮಾಡಬೇಕೆಂದು ಯಾರೂ ಕೇಳಿಲ್ಲ. ಕೇಳುವ ಹಕ್ಕಂತೂ ಇದೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಚಿಕಿತ್ಸೆಯ ತೀರ್ಮಾನಕ್ಕೆ ಬೇಕಾದ ಮಾಹಿತಿಯನ್ನು ಆ ವ್ಯಕ್ತಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಕೊಡಬೇಕು ಎನ್ನುತ್ತದೆ. ತುಳು ಮನೆಮಾತಿನವರಿಗೆ ಕನ್ನಡದ ಪರೀಕ್ಷೆಯೂ ಪೂರ್ತಿ ನ್ಯಾಯ ಮಾಡಲಾರದು, ಒಪ್ಪುತ್ತೇನೆ. ಆದರೂ ಹಿಂದಿಗಿಂತ ಅದು ಎಷ್ಟೋ ಹತ್ತಿರ.

ಈ ಬಹುಭಾಷೆಯ ಬದುಕಿಗೆ ಇನ್ನೊಂದು ಮುಖವೂ ಇದೆ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಡಿಮೆನ್ಷಿಯಾದ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಿಗೆ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮುಖ ನೋಡದವರಲ್ಲೂ ಈ ವ್ಯತ್ಯಾಸ ಇತ್ತು ಎಂಬುದೇ ಅದರ ವಿಶೇಷ. ಬೇರೆ ದೇಶಗಳಲ್ಲಿ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನಡೆಸಿದ ಕೆಲವು ಅಧ್ಯಯನಗಳಲ್ಲಿ ಈ ಲಾಭ ಸ್ಪಷ್ಟವಾಗಿ ಕಂಡಿಲ್ಲ, ಹಾಗಾಗಿ ವಾದ ಮುಗಿದಿಲ್ಲ. ಮನೆಯಲ್ಲಿ ತುಳು ಅಥವಾ ಕೊಂಕಣಿ, ಸಂಘದಲ್ಲಿ ಕನ್ನಡ, ತರಕಾರಿಯವಳ ಜೊತೆ ಮರಾಠಿ, ರಿಕ್ಷಾದವನ ಜೊತೆ ಹಿಂದಿ ಎಂದು ದಿನಕ್ಕೆ ಹತ್ತು ಸಲ ಭಾಷೆ ಬದಲಿಸುವ ಮುಂಬೈ ಕನ್ನಡಿಗರಿಗಿಂತ ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡಬಲ್ಲ ಸಮುದಾಯ ಇನ್ನೆಲ್ಲಿದೆ? ಆದರೆ ಕಾಯಿಲೆ ಬಲಿತಾಗ ಆಮೇಲೆ ಕಲಿತ ಭಾಷೆಗಳು ಜಾರಿ, ಎಳವೆಯ ಭಾಷೆಯೊಂದೇ ಉಳಿಯುವುದನ್ನು ಅನೇಕ ಮನೆಗಳಲ್ಲಿ ಕಾಣುತ್ತೇವೆ. ನೋಡಿಕೊಳ್ಳಲು ಬ್ಯೂರೋದಿಂದ ಬಂದ ಮಾವ್ಶಿಗೆ, ಅಂದರೆ ಆರೈಕೆಯ ಹೆಂಗಸಿಗೆ, ಮರಾಠಿ ಮಾತ್ರ ಬರುತ್ತದೆ, ಮೊಮ್ಮಕ್ಕಳಿಗೆ ಇಂಗ್ಲಿಷ್ ಮತ್ತು ಹಿಂದಿ. ನೀರು ಬೇಕು, ಕಾಲು ನೋಯುತ್ತದೆ ಎಂಬುದನ್ನೂ ಹೇಳಲಾಗದೆ ಹಿರಿಯರು ಕೂಗಾಡಿದರೆ ಅದನ್ನು ಕಾಯಿಲೆಯ ಉಗ್ರರೂಪ ಎಂದು ಬರೆದುಕೊಂಡು ನಿದ್ದೆಯ ಮಾತ್ರೆ ಕೊಡುವುದುಂಟು. ನನಗೆ ಇದಕ್ಕಿಂತ ನೋವಿನ ಸಂಗತಿ ಈ ಇಡೀ ವಿಷಯದಲ್ಲಿ ಇನ್ನೊಂದಿಲ್ಲ.

ಖಿನ್ನತೆಯ ಮಟ್ಟಿಗೆ ದಾರಿ ಇನ್ನೂ ಸ್ಪಷ್ಟವಾಗಿದೆ, ಅದೂ ಗೋವಾದಿಂದಲೇ. 'ಸಂಗಾತ್' ಸಂಸ್ಥೆಯವರು ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯ 495 ಮಂದಿಯೊಂದಿಗೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನೋವೈದ್ಯದ ಹಿನ್ನೆಲೆಯೇ ಇಲ್ಲದ ಸ್ಥಳೀಯರು ತರಬೇತಿ ಪಡೆದು ಆರರಿಂದ ಎಂಟು ಬಾರಿ ಕೂತು ಮಾತಾಡಿದರು. ಬಿಟ್ಟುಬಿಟ್ಟ ಇಷ್ಟದ ಕೆಲಸಗಳನ್ನು ಸ್ವಲ್ಪ ಸ್ವಲ್ಪವೇ ಮತ್ತೆ ಹಿಡಿಯುವಂತೆ ಮಾಡುವುದು ಅದರ ತಿರುಳು. ಮೂರು ತಿಂಗಳಿಗೆ ಅವರಲ್ಲಿ ಶೇ. 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು; ಮಾಮೂಲಿ ಆರೈಕೆಯವರಲ್ಲಿ ಶೇ. 39. 60 ದಾಟಿದ, ಖಿನ್ನತೆಯ ಅಂಚಿನಲ್ಲಿದ್ದ 181 ಹಿರಿಯರಲ್ಲಿ ಇದೇ ಬಗೆಯಾಗಿ ಸಾಮಾನ್ಯ ಜನರೇ ಸಮಸ್ಯೆ ಬಿಡಿಸಲು ಜೊತೆಗೂಡಿದಾಗ ವರ್ಷದೊಳಗೆ ತೀವ್ರ ಖಿನ್ನತೆಗೆ ಬಿದ್ದವರು ಶೇ. 4.4, ಇನ್ನೊಂದು ಗುಂಪಿನಲ್ಲಿ ಶೇ. 14.4. ಊರಿನ ಜನರ ಕೈಯಲ್ಲೇ ಮಾನಸಿಕ ಆರೈಕೆ ಇಡಬಹುದು ಎಂಬ ಆಲೋಚನೆ ಕನ್ನಡ ನೆಲಕ್ಕೂ ಹೊಸದಲ್ಲ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಆರೋಗ್ಯ ಕಾರ್ಯಕರ್ತರಿಗೆ ಕಲಿಸಿ ಮಾಡಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಹಾಗಾದರೆ ಮುಂಬೈಯಲ್ಲಿ ಈ ಸ್ಥಳೀಯರು ಯಾರು? ನನ್ನ ಉತ್ತರ: ನಮ್ಮ ಸಂಘಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲೇ ಇಲ್ಲಿ ಹುಟ್ಟಿತು, ಮೈಸೂರು ಅಸೋಸಿಯೇಷನ್ 1926ರಲ್ಲಿ. ಅಂದಿನಿಂದ ಜಾತಿಗೊಂದು, ಊರಿಗೊಂದು, ಉಪನಗರಕ್ಕೊಂದು ಎಂದು ಲೆಕ್ಕವಿಲ್ಲದಷ್ಟು ಸಂಘಗಳು ಬೆಳೆದಿವೆ. ಊರಿನ ಮನೆಯೂ ಗೊತ್ತು, ಇಲ್ಲಿನ ಖೋಲಿಯೂ ಗೊತ್ತು ಎಂಬಂಥ ವ್ಯವಸ್ಥೆ ಇವು ಮಾತ್ರ. ಆಸ್ಪತ್ರೆಗೂ ಸಮೀಕ್ಷೆಗೂ ಸಿಗದ ಆ ಒಂದೇ ಎಳೆ ಇವರ ಕೈಯಲ್ಲಿದೆ. ಭಜನಾ ಮಂಡಳಿಗೆ ಬರುವುದನ್ನು ನಿಲ್ಲಿಸಿದವರು ಯಾರು, ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರು ಈಗ ಮನೆಯಿಂದ ಹೊರಬರುವುದೇ ಇಲ್ಲವೇ ಎಂಬುದು ಸಂಘದವರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಇವರ ವಾರ್ಷಿಕ ವೈದ್ಯಕೀಯ ಶಿಬಿರಗಳಲ್ಲಿ ಬಿಪಿ, ಶುಗರ್, ಕಣ್ಣು ನೋಡುತ್ತಾರೆ. ಅದೇ ಸಾಲಿನಲ್ಲಿ ಇನ್ನೊಂದು ಮೇಜು ಇಟ್ಟು, ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿತ್ತೇ, ಮನಸ್ಸು ಕುಗ್ಗಿತ್ತೇ ಎಂಬ ಎರಡು ಪ್ರಶ್ನೆಗಳನ್ನು ಕನ್ನಡದಲ್ಲಿ, ತುಳುವಿನಲ್ಲಿ ಕೇಳಬಹುದು. ಜಗತ್ತಿನ ತುಂಬ ಮೊದಲ ಜರಡಿಯಾಗಿ ಬಳಸುವ ಪ್ರಶ್ನೆಗಳು ಇವೇ.

ಕೇಳಿ ಸುಮ್ಮನಾಗುವಂತಿಲ್ಲ. ಹೌದು ಎಂದವರಿಗೆ ಅಲ್ಲೇ ಮುಂದಿನ ದಾರಿ ಇರಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಇಪ್ಪತ್ತು ಭಾಷೆಗಳಲ್ಲಿ ಕನ್ನಡವೂ ಒಂದು. ಅದರ ನಂತರ ಹತ್ತಿರದ ಆಸ್ಪತ್ರೆಯ ಮನೋವೈದ್ಯ ವಿಭಾಗ, ಜೊತೆಗೆ ಭಾಷೆಗೆ ಆಸರೆಯಾಗಿ ಸಂಘದ ಒಬ್ಬರು.

ಇಲ್ಲೊಂದು ದೊಡ್ಡ ತೊಡಕಿದೆ, ಅದನ್ನು ಮುಚ್ಚಿಟ್ಟು ಈ ಮಾತನ್ನು ಆಡಲಾಗದು. ಸಂಘದಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ಇವತ್ತು ಕಾಂದಿವಲಿಯಲ್ಲಿ ಮೇಜಿನ ಮುಂದೆ ಅತ್ತ ಹುಡುಗಿಯ ಸುದ್ದಿ ವಾರದೊಳಗೆ ಊರಿಗೆ ಮುಟ್ಟಿ, ಬಂದ ಸಂಬಂಧ ತಪ್ಪಿಹೋಗಬಹುದು ಎಂಬ ಭಯ ಆಧಾರವಿಲ್ಲದ್ದೇನಲ್ಲ. ನೆರವಾಗಬಲ್ಲ ಜಾಲವೇ ಮಾತನ್ನು ಹೊತ್ತೊಯ್ಯುವ ಜಾಲವೂ ಹೌದು. ಗೋವಾದ ಪ್ರಯೋಗದಲ್ಲಿ ಸಮಾಲೋಚಕರ ಮಾತುಕತೆಯ ಧ್ವನಿಮುದ್ರಣವನ್ನು ಅವರವರೇ ಗುಂಪಿನಲ್ಲಿ ಕೇಳಿ ತೂಗಿ, ತಪ್ಪು ಒಪ್ಪು ಹೇಳಿಕೊಳ್ಳುವ ಕಟ್ಟುನಿಟ್ಟಿನ ಪದ್ಧತಿ ಇತ್ತು. ಇಲ್ಲಿ ಅದರ ಜೊತೆಗೆ ಇನ್ನೊಂದು ನಿಯಮ ಬೇಕು: ಡೊಂಬಿವಲಿಯ ಸಂಘದವರು ವಸಾಯಿಯ ಶಿಬಿರದಲ್ಲಿ ಕೂರಬೇಕು, ವಸಾಯಿಯವರು ನವಿ ಮುಂಬೈಯಲ್ಲಿ, ಕುಂದಾಪುರ ಕಡೆಯವರ ಮಾತು ಕೇಳಲು ಹುಬ್ಬಳ್ಳಿ ಕಡೆಯವರು. ಹೆಸರಿನ ಬದಲು ನಂಬರು ಬರೆದ ಚೀಟಿ ಇರಲಿ, ಆ ಚೀಟಿ ಸಂಘದ ಕಪಾಟಿಗೆ ಹೋಗದೆ ಆ ವ್ಯಕ್ತಿಯ ಕೈಯಲ್ಲೇ ಉಳಿಯಲಿ, ಊರಿಗೆ ಹೋದಾಗ ಅಲ್ಲಿನ ಡಾಕ್ಟರಿಗೆ ತೋರಿಸುವುದೋ ಬಿಡುವುದೋ ಅವರೇ ತೀರ್ಮಾನಿಸಲಿ.